ಸೆಕೆಂಡ್ ಹ್ಯಾಂಡ್ ಕಾರಿನ ಎಕ್ಸಾಸ್ಟ್ ಅಬ್ಬರ ಇಳಿಸುವ ರೆಸೊನೇಟರ್, ಸೈಲೆನ್ಸರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುವುದಾದರೆ, ಹೊಗೆ ಪೈಪಿನ ಮಧ್ಯದಲ್ಲೊಂದು ಉದ್ದನೆಯ ರೆಸೊನೇಟರ್ (ಸದ್ದು ತಗ್ಗಿಸುವ ಡಬ್ಬಿ), ಹಿಂದೆ ಒಳಗೋಡೆಗಳಿರುವ ಸೈಲೆನ್ಸರ್, ಈ ಜೋಡಿಗೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ. ಆದರೆ ಇದು ಇಳಿಸುವುದು ಅಬ್ಬರವನ್ನು ಮಾತ್ರ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರಿನೊಳಗೆಲ್ಲ ಗುಂಯ್‌ಗುಟ್ಟಿ ತಲೆ ಹಿಡಿಸುವ ಸದ್ದು ಬೇರೆಯದೇ ಕಾಯಿಲೆ, ಅದಕ್ಕೆ ಮದ್ದೂ ಬೇರೆ. ಎರಡನ್ನೂ ಒಂದೇ ಎಂದುಕೊಂಡು ದೊಡ್ಡ ದೊಡ್ಡ ಸೈಲೆನ್ಸರ್ ಬದಲಿಸುತ್ತಾ ಹೋದವರ ದುಡ್ಡು ಖರ್ಚಾಗುತ್ತದೆ, ಗುಂಯ್‌ಗುಟ್ಟುವುದು ಹಾಗೇ ಉಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನ ಬಗ್ಗೆ. ಹಿಂದಿನ ಮಾಲೀಕರು ಕಂಪನಿಯ ರೆಸೊನೇಟರ್ ಕತ್ತರಿಸಿ, 63.5 ಮಿ.ಮೀ. ಪೈಪು ಎಳೆಸಿ, ಕೊನೆಗೊಂದು ನೇರ ಹಾದಿಯ ಸೈಲೆನ್ಸರ್ ಕೂರಿಸಿದ್ದ ಕಾರು ಇದು. ಮಾರಾಟಕ್ಕೆ ಬರುವ ಮಾರ್ಪಾಡು ಮಾಡಿದ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಜೋಡಣೆಯೇ ಇದು.

ಹೊಸ ಭಾಗ ಕೊಳ್ಳುವ ಮುಂಚೆ ಸೋರಿಕೆ ನೋಡಲೇಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿಯನ್ನು ಅರೆಕ್ಷಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಸಂದುಗಳಿಗೆ ಸೋಪುನೀರು ಸಿಂಪಡಿಸಲಿ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಕೆಲಸ ತೆರೆದ ಜಾಗದಲ್ಲೇ ಆಗಲಿ, ಕಾರು ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ನಿಂತಿರಲಿ. ಫ್ಲಾಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಬಿಲ್ಲೆ) ಅಂಚಿನಿಂದ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಕಂಡರೆ ಸೋಪುನೀರೂ ಬೇಡ, ಆ ಸಂದಿನ ಗ್ಯಾಸ್ಕೆಟ್ ಪ್ಯಾಕಿಂಗ್ ಹೋಗಿದೆ ಎಂದೇ ಅರ್ಥ. ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ನಿಂತುಹೋಗುವ ಸದ್ದು ಸಾಮಾನ್ಯವಾಗಿ ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ನಿಗೆ ತಾಗಿಕೊಂಡಿರುವ ಮೊದಲ ಕೊಳವೆಗಳ ಸೋರಿಕೆ. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ, ಎಂಜಿನ್ ಕಡೆಗೆ ಸೋರಿದರೆ ಸದ್ದಿನ ಜತೆ ಇಂಧನವೂ ಹಾಳು: ಹೊರಗಿನ ಗಾಳಿ ಒಳಗೆ ಸೇರಿ, ಪೆಟ್ರೋಲ್ ಕಮ್ಮಿಯಾಯಿತೆಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚು ಸುರಿಯುತ್ತದೆ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೇ ಎಂದೂ ನೋಡಿ. ಅದನ್ನು ತೆಗೆದು ಖಾಲಿ ಪೈಪು ಹಾಕಿದ್ದರೆ ತಗಡು ಹರಿದಂಥ ಕರ್ಕಶ ಸದ್ದು ಅಲ್ಲಿಂದಲೇ ಶುರು. ಅದನ್ನು ಮತ್ತೆ ಕೂರಿಸುವುದು ಮೊದಲ ಕೆಲಸ, ಆಮೇಲೆ ಮಿಕ್ಕದ್ದು.

ರೆಸೊನೇಟರ್ ವಿಷಯಕ್ಕೆ ಬಂದರೆ, ಹಾಕಿದ್ದು 45 ಸೆಂ.ಮೀ. ಉದ್ದದ ನೇರ ಹಾದಿಯದು: ಒಳಗೆ ರಂಧ್ರಗಳ ಕೊಳವೆ, ಸುತ್ತ ಪ್ಯಾಕಿಂಗ್ ನಾರು. ಇದು ಚೆನ್ನಾಗಿ ನುಂಗುವುದು ಎತ್ತರದ ದನಿಯನ್ನು. ವೇಗ ಹಿಡಿಯುವಾಗಿನ ಕಿರುಚು, ಗೇರ್ ಇಳಿಸಿದಾಗಿನ ಪಟಪಟ ಎರಡೂ ಸ್ಪಷ್ಟವಾಗಿ ತಗ್ಗುತ್ತವೆ. ತಗ್ಗಿನ ದನಿಗೆ ಇದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಅದು ನಾರಿನ ಸ್ವಭಾವ. ಒಳಗಿನ ವ್ಯಾಸ ಪೈಪಿನ ವ್ಯಾಸಕ್ಕೆ ಸರಿಹೊಂದಿರಬೇಕು. ಜಾಗ ಇರುವಷ್ಟು ಉದ್ದನೆಯದನ್ನು ತೆಗೆದುಕೊಳ್ಳಿ; ಇಲ್ಲಿ ಲಾಭ ಕೊಡುವುದು ಉದ್ದವೇ ಹೊರತು ಹೊರಗಿನ ಹೊಳಪಲ್ಲ.

ಹಿಂದಿನ ನೇರ ಹಾದಿಯ ಸೈಲೆನ್ಸರಿನ ಜಾಗಕ್ಕೆ ಒಳಗೋಡೆಗಳಿರುವುದು ಬಂದಿದೆ. ಗೋಡೆಗಳಿಗೆ ಬಡಿದು ತಿರುಗುವ ಅಲೆಗಳು ಒಂದನ್ನೊಂದು ಹೊಡೆದುಹಾಕುವುದರಿಂದ ತಗ್ಗಿನ ದನಿಯೂ ಇಳಿಯುತ್ತದೆ. ಎಂಜಿನ್ ತುದಿವೇಗದಲ್ಲಿ ಒಂಚೂರು ಬಿಗಿಯಾದಂತೆ ಅನಿಸಬಹುದು. ದಿನನಿತ್ಯದ ಓಡಾಟದಲ್ಲಿ ಅದು ಗೊತ್ತೇ ಆಗುವುದಿಲ್ಲ.

ಬಾಳಿಕೆಯಲ್ಲಿ ಎರಡಕ್ಕೂ ಎದ್ದುಕಾಣುವ ವ್ಯತ್ಯಾಸ. ಒಳಗೋಡೆಯದಕ್ಕೆ ನಾರಿನ ಹಂಗಿಲ್ಲದ ಕಾರಣ ಮೊದಲ ದಿನದ ಸದ್ದೇ ಉಳಿದಿದೆ. ನಾರಿನದು ವರ್ಷ ಕಳೆದಂತೆ ಮೆಲ್ಲಗೆ ಜೋರಾಗುತ್ತಾ ಬರುತ್ತದೆ. ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಬಿಸಿ ಗಾಳಿ ಒಳಬರುವ ತುದಿಯಲ್ಲಿ ನಾರು ಕರ್ರಗೆ ಬಿರುಸಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಕೆಳಗೆ ಒದ್ದೆಯಾಗಿ ಮುದ್ದೆಗಟ್ಟಿ, ಮೇಲ್ಭಾಗ ಟೊಳ್ಳಾಗಿರುತ್ತದೆ. ಬರೀ ಗ್ಲಾಸ್ ವೂಲ್ ತುಂಬಿದ್ದರ ಗತಿ ಇದು. ಮತ್ತೆ ತುಂಬುವಾಗ ರಂಧ್ರದ ಕೊಳವೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲಿನ ನಾರನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿ, ಅದರ ಮೇಲೆ ಉದ್ದೆಳೆಯ ಗ್ಲಾಸ್ ಅಥವಾ ಬಸಾಲ್ಟ್ ನಾರು ಹಾಕಬೇಕು. ಲೀಟರ್ ಜಾಗಕ್ಕೆ ಸುಮಾರು 100ರಿಂದ 150 ಗ್ರಾಂ ಸಾಕು. ಸಡಿಲವಾದರೆ ನಾರು ರಂಧ್ರದಿಂದ ಹಾರಿಹೋಗುತ್ತದೆ, ತುರುಕಿ ತುಂಬಿದರೆ ಅಲೆ ಒಳಗೆ ಇಳಿಯದೆ ಹಾಗೇ ವಾಪಸಾಗುತ್ತದೆ. ಕೈಗವಸು, ಮಾಸ್ಕ್ ಇಲ್ಲದೆ ಆ ನಾರನ್ನು ಮುಟ್ಟಬೇಡಿ. ನಾರನ್ನು ಹೀಗೆ ಮತ್ತೆ ತುಂಬಬೇಕಾಗುವುದರಿಂದ ಕೊಳ್ಳುವಾಗಲೇ ತುದಿಯ ಮುಚ್ಚಳ ಬೋಲ್ಟ್‌ನಿಂದ ಬಿಚ್ಚುವಂಥದ್ದನ್ನು ಆರಿಸಿಕೊಳ್ಳಿ. ಪೂರ್ತಿ ಬೆಸೆದಿದ್ದರೆ ಕತ್ತರಿಸದೆ ಗತಿಯಿಲ್ಲ.

ಇನ್ನು ಆ ಗುಂಯ್‌ಗುಟ್ಟುವ ಸದ್ದು. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಅದರ ಲೆಕ್ಕ ಸುಲಭ: ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಅನ್ನು 60ರಿಂದ ಭಾಗಿಸಿ, ಸಿಲಿಂಡರ್ ಸಂಖ್ಯೆಯ ಅರ್ಧದಿಂದ ಗುಣಿಸಿ. ನಾಲ್ಕು ಸಿಲಿಂಡರಿಗೆ 3,000 ಆರ್‌ಪಿಎಂನಲ್ಲಿ 100 ಹರ್ಟ್ಜ್. ಇದನ್ನು ಅಡಗಿಸಲು ಮುಖ್ಯ ಪೈಪಿನ ಪಕ್ಕಕ್ಕೊಂದು ತುದಿ ಮುಚ್ಚಿದ ಪೈಪು ಬೆಸೆಯುತ್ತಾರೆ. ಅಲೆ ಅದರೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು, ಅರ್ಧ ಸುತ್ತು ತಡವಾಗಿ ವಾಪಸು ಬಂದು, ಹೊಸದಾಗಿ ಬರುವ ಅಲೆಯನ್ನು ಸರಿಗಟ್ಟಿ ಅಳಿಸುತ್ತದೆ. ಉದ್ದವೆಂದರೆ ಶಬ್ದದ ವೇಗವನ್ನು ಹರ್ಟ್ಜ್‌ನ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಎಡವುವುದು ಇಲ್ಲೇ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಪೈಪು ಗಿಡ್ಡವಾಗುತ್ತದೆ, ಏಕೆಂದರೆ ಅದು 20 ಡಿಗ್ರಿ ಗಾಳಿಯ ಲೆಕ್ಕ. 200 ಡಿಗ್ರಿ ಬಿಸಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 436 ಮೀಟರ್. ಅಂದರೆ 100 ಹರ್ಟ್ಜ್‌ಗೆ ಹತ್ತಿರಹತ್ತಿರ 109 ಸೆಂ.ಮೀ.

ಪಕ್ಕದ ಪೈಪಿನೊಳಗೆ ಎಷ್ಟು ಬಿಸಿ ಇರುತ್ತದೆಂದು ಕಾಗದದ ಮೇಲೆ ಖಚಿತವಾಗಿ ಹೇಳಲಾಗದು. ಹಾಗಾಗಿ ತುದಿಯನ್ನು ಕೂಡಲೇ ಬೆಸೆಯದೆ, ಜಾರುವ ತೋಳು ಮತ್ತು ಕ್ಲ್ಯಾಂಪ್ ಹಾಕಿ ಓಡಿಸಿ ನೋಡಿ. ಈ ಉದ್ದದಲ್ಲಿ 5 ಸೆಂ.ಮೀ. ಹೆಚ್ಚಿಸಿದರೆ ಸದ್ದು ಅಡಗುವ ಜಾಗ ಸುಮಾರು 130 ಆರ್‌ಪಿಎಂ ಕೆಳಗಿಳಿಯುತ್ತದೆ. ಸರಿಹೊಂದಿದ ಮೇಲೆ ಬೆಸೆಯಿರಿ. ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ, ತೆಳ್ಳಗಾದಷ್ಟೂ ಪರಿಣಾಮ ಕಮ್ಮಿ. ಹೊರಬಾಯಿಯ ಹತ್ತಿರ ಬೆಸೆದರೆ ಏನೂ ಆಗದು. ಅಲ್ಲಿ ಅಲೆಯ ಒತ್ತಡ ಇಲ್ಲದಷ್ಟು ಇಳಿದಿರುತ್ತದೆ. ಮುಚ್ಚಿದ ತುದಿ ತುಸು ಮೇಲಕ್ಕಿರಬೇಕು, ಇಲ್ಲದಿದ್ದರೆ ಅದರಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಇಷ್ಟೆಲ್ಲ ಮಾಡಿದರೂ ಇದು ಕೆಲಸ ಮಾಡುವುದು ಕಿರಿದಾದ ಆರ್‌ಪಿಎಂ ಪಟ್ಟಿಯಲ್ಲಿ. ಆದರೆ ಆ ಪಟ್ಟಿಯೊಳಗೆ ಇದಕ್ಕೆ ಸಾಟಿಯಾದ ಇನ್ನೊಂದು ಭಾಗ ಈ ಸೆಟ್ಟಿನಲ್ಲೇ ಇಲ್ಲ. ಮೂರು ಸಿಲಿಂಡರಿನ ಕಾರಿಗೆ 2,400 ಆರ್‌ಪಿಎಂನಲ್ಲಿ 60 ಹರ್ಟ್ಜ್ ಬರುತ್ತದೆ, ಪೈಪು 1.8 ಮೀಟರ್ ಬೇಕು. ಕಾರಿನಡಿ ಅಷ್ಟು ಜಾಗ ಸಿಗುವುದು ಕಷ್ಟ.

ಸದ್ದು ತಗ್ಗಿಸಲೆಂದು ಹಿಂದಿನ ಪೈಪಿನ ಬಾಯಿಗೆ ತುರುಕುವ ಅಡೆಗೊಳವೆಗಳನ್ನು ಶಿಫಾರಸು ಮಾಡುವುದಿಲ್ಲ. ಕಿರುಚು ಇಳಿಯುತ್ತದೆ, ಗುಂಯ್ ಉಳಿಯುತ್ತದೆ, ಹಿಡಿದಿಡುವ ಬೋಲ್ಟು ತುಕ್ಕು ಹಿಡಿದು ಕೆಲದಿನದಲ್ಲೇ ಗಲಗಲ ಶುರುವಾಗುತ್ತದೆ. ಡಿಕ್ಕಿಗೆ ಅಂಟಿಸುವ ಬ್ಯೂಟೈಲ್ ಹಾಳೆ ತಗಡಿನ ನಡುಕ ನಿಲ್ಲಿಸುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದಿಲ್ಲ.

ಕೂರಿಸುವಾಗ ಗಮನಿಸಬೇಕಾದವು ಕೆಲವಿವೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. 304 ದರ್ಜೆಯ ಸ್ಟೇನ್‌ಲೆಸ್ ಪೈಪಿನೊಳಗೆ ಆರ್ಗಾನ್ ಅನಿಲ ಬಿಡದೆ ಬೆಸೆದರೆ ಒಳಮುಖ ಸುಟ್ಟು ಹರಳುಗಟ್ಟಿ, ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ಹಳೇ ಮೈಲ್ಡ್ ಸ್ಟೀಲಿಗೆ ಸ್ಟೇನ್‌ಲೆಸ್ ಜೋಡಿಸುವುದಾದರೆ 309ಎಲ್ ಫಿಲ್ಲರ್ (ಬೆಸುಗೆಗೆ ಕರಗಿಸುವ ಕಡ್ಡಿ) ಕೇಳಿ. ಪೈಪನ್ನು ತೂಗುಹಾಕುವ ಹ್ಯಾಂಗರ್ ಗಟ್ಟಿ ಪಾಲಿಯುರೆಥೇನಿನದಾಗಿದ್ದರೆ ತೆಗೆದು ಕಂಪನಿಯ ಮೆತ್ತನೆಯ ರಬ್ಬರ್ ಹಾಕಿ, ಕಾರಿನ ಮೈಗೂ ಪೈಪಿಗೂ ಕನಿಷ್ಠ 25 ಮಿ.ಮೀ. ಅಂತರ ಬಿಡಿ. ಕ್ಲ್ಯಾಂಪುಗಳನ್ನು ಒಂದೆರಡು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೆ ಬಿಗಿಮಾಡಬೇಕು.

ಗಿಡ್ಡ ದೂರವಷ್ಟೇ ಓಡುವ ಕಾರಿಗೆ ನೀರೇ ಶತ್ರು: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗದಿದ್ದರೆ ಅದರಲ್ಲೊಂದು ಪಾಲು ತಳದಲ್ಲೇ ನಿಲ್ಲುತ್ತದೆ. ಅತಿ ತಗ್ಗಿನ ಜಾಗದಲ್ಲಿ 3 ಮಿ.ಮೀ. ರಂಧ್ರವಿರುವ ಸೈಲೆನ್ಸರ್ ಆದರೆ ಒಳ್ಳೆಯದು.

ನಿಮ್ಮ ಕಾರಿನ ಕಂಪನಿ ರೆಸೊನೇಟರ್, ಸೈಲೆನ್ಸರ್ ಎರಡೂ ಗಟ್ಟಿಮುಟ್ಟಾಗಿ ಗುಜರಿಯಲ್ಲಿ ಸಿಗುವಂತಿದ್ದರೆ, ಹ್ಯಾಂಗರ್ ಕೊಂಡಿಗಳೂ ಕತ್ತರಿಸದೆ ಉಳಿದಿದ್ದರೆ, ಈ ಸೆಟ್ಟು ಬೇಡ, ಅದನ್ನೇ ಹಾಕಿಸಿ. ಕಾರಿನ ಮೈ, ಎಂಜಿನ್ ಎರಡಕ್ಕೂ ಹೊಂದುವಂತೆ ಅಳೆದು ಮಾಡಿದ್ದು ಅದೊಂದೇ. ಯಾವುದನ್ನೇ ಹಾಕಿಸಿದರೂ ಪೈಪಿನ ಬಾಯಿ ಬಂಪರ್ ದಾಟಿ ಹೊರಗಿರಲಿ. ಒಳಗೇ ನಿಂತರೆ, ಅದರಲ್ಲೂ ಹ್ಯಾಚ್‌ಬ್ಯಾಕ್‌ಗಳಲ್ಲಿ, ಹಿಂಬಾಗಿಲಿನ ರಬ್ಬರ್ ಸಂದಿನಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.