ಕಾಫಿ ಖರೀದಿ ಅಂಗಡಿಗೆ ಬಿಟ್‌ಲಾಕರ್ ಮತ್ತು ಎರಡು ಡಿಸ್ಕ್: ಒಂದು ಸೀಸನ್ ಬಳಸಿದ ಮೇಲೆ

ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಕಾಫಿ, ಕರಿಮೆಣಸು ಖರೀದಿ ಮಾಡುತ್ತೇವೆ. ಹೋದ ಜುಲೈನಲ್ಲಿ ಒಂದು ರಾತ್ರಿ ಶಟರ್ ಬೀಗ ಒಡೆದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಆ ಮಳೆಯ ಸದ್ದಿನಲ್ಲಿ ಪಕ್ಕದ ಮನೆಯವರಿಗೂ ಏನೂ ಕೇಳಿಸಿಲ್ಲ. ಲ್ಯಾಪ್‌ಟಾಪ್ ಹೇಗೂ ಹಳೆಯದು, ಹೋಗಲಿ. ಆದರೆ ಅದರೊಳಗೆ ಬೆಳೆಗಾರರ ಲೆಕ್ಕ ಪೂರ್ತಿ ಇತ್ತು. ಯಾರು ಎಷ್ಟು ಮೂಟೆ ಚೆರಿ (ಒಣಗಿಸಿದ ಕಾಫಿ ಹಣ್ಣು) ಹಾಕಿದ್ದಾರೆ, ಓಟಿ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಬಂತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ, ಜೊತೆಗೆ ಅವರ ಆಧಾರ್, ಪಾಸ್‌ಬುಕ್ ಪ್ರತಿಗಳು. ನಮ್ಮನ್ನು ನಂಬಿ ಕೊಟ್ಟಿದ್ದು ಅವು.

ಮರುದಿನ ಒಬ್ಬ ಹಿರಿಯ ಬೆಳೆಗಾರರು ಬಂದರು. "ಲ್ಯಾಪ್‌ಟಾಪ್ ಹೋದ್ರೆ ಹೋಗ್ಲಿ ಮಾರಾಯ, ನನ್ನ ಆಧಾರ್ ಅದ್ರಲ್ಲೇ ಇತ್ತಲ್ವಾ?" ಅಂತ ಕೇಳಿದರು. ಪಾಸ್‌ವರ್ಡ್ ಹಾಕಿದ್ದೇನೆ, ಏನೂ ಆಗಲ್ಲ ಅಂದೆ. ಅದು ತಪ್ಪು ಅಂತ ಗೊತ್ತಾಗಿದ್ದು ಅದೇ ವಾರ. ಪರಿಚಯದ ರಿಪೇರಿ ಹುಡುಗ ಅಂಗಡಿಯ ಇನ್ನೊಂದು ಹಳೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಒಳಗಿದ್ದ, ಫೈಲುಗಳೆಲ್ಲ ಇರುವ ಬೆರಳಗಲದ ಎಸ್‌ಎಸ್‌ಡಿ ತೆಗೆದು, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ತನ್ನ ಕಂಪ್ಯೂಟರ್‌ಗೆ ಚುಚ್ಚಿದ. ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮ ಬಿಲ್ಲುಗಳೆಲ್ಲ ಅವನ ಪರದೆಯ ಮೇಲೆ. ಪಾಸ್‌ವರ್ಡ್ ಕೇಳಲೇ ಇಲ್ಲ. "ನೋಡಿ ಅಣ್ಣ, ವಿಂಡೋಸ್ ಪಾಸ್‌ವರ್ಡ್ ಇಷ್ಟೇ" ಅಂದ. ಹೊಟ್ಟೆ ತೊಳಸಿದ ಹಾಗಾಯ್ತು.

ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ವಿಂಡೋಸ್ 11 ಪ್ರೊ ಇರುವುದನ್ನೇ ಕೇಳಿ ತೆಗೆದುಕೊಂಡೆ, ಯಾಕೆಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದೇ ಸೌಲಭ್ಯವಾದ ಬಿಟ್‌ಲಾಕರ್ ಪೂರ್ತಿಯಾಗಿ ಸಿಗುವುದು ಪ್ರೊನಲ್ಲಿ. ವಿಂಡೋಸಿನ ಹೋಮ್ ಆವೃತ್ತಿ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತ ಇದೆಯಾ ನೋಡಿ, ಕೆಲವು ಯಂತ್ರಗಳಲ್ಲಿ ಇರುತ್ತದೆ. ಬಿಟ್‌ಲಾಕರ್ ಮಾಡುವ ಕೆಲಸ ಸರಳ. ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಬೇರೆಯವರಿಗೆ ಅರ್ಥವಾಗದ ಹಾಗೆ ಬದಲಿಸಿಡುತ್ತದೆ. ಡಿಸ್ಕ್ ಕಿತ್ತು ಬೇರೆ ಕಡೆ ಹಾಕಿದರೆ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಶುರು ಮಾಡಿದ ದಿನ ಮಧ್ಯದಲ್ಲಿ ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದು ಯಂತ್ರ ಆಫ್ ಆಯ್ತು. ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು. ಆಮೇಲೆ ನಾವು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ನಿಧಾನ ಆಯ್ತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಮುಖ್ಯವಾದ ವಿಷಯ ರಿಕವರಿ ಕೀ, ಅಂದರೆ ಆ ಬೀಗ ತೆರೆಯುವ ಬದಲಿ ಕೀಲಿ. 48 ಅಂಕಿ, ಆರಾರು ಅಂಕಿಯ ಎಂಟು ಗುಂಪು. ಅದನ್ನು ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿ ಇಟ್ಟಿದ್ದೆ. ಜನವರಿಯಲ್ಲಿ, ಸೀಸನ್ ಜೋರಾಗಿರುವಾಗ, ಹೊರಗೆ ಜೀಪಿನಿಂದ ಮೂಟೆ ಇಳಿಸುತ್ತಿದ್ದಾರೆ, ಇಲ್ಲಿ ಬಯೋಸ್ (ಯಂತ್ರ ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ನೀಲಿ ಪರದೆ ಬಂತು, ರಿಕವರಿ ಕೀ ಕೊಡಿ ಅಂತ. ಮಗಳಿಗೆ ಫೋನ್ ಮಾಡಿದೆ. ಅವಳು ಬೀರು ತೆಗೆದು ಒಂದೊಂದೇ ಗುಂಪು ಓದಿದಳು, ನಾನು ಒತ್ತುತ್ತಾ ಹೋದೆ. ಐದು ನಿಮಿಷದಲ್ಲಿ ತೂಕ ಬರೆದುಕೊಳ್ಳಲು ಶುರು. ಆ ಕಾಗದ ಇಲ್ಲದಿದ್ದರೆ, ಮೈಕ್ರೋಸಾಫ್ಟ್ ಖಾತೆಯಲ್ಲೂ ಕೀ ಇಡದಿದ್ದರೆ, ಕಳ್ಳನಿಗೆ ಮುಚ್ಚಿದ ಬಾಗಿಲು ನಮಗೂ ಮುಚ್ಚುತ್ತದೆ. ಆ ಕೀ ಕಾಗದವನ್ನು ಅದೇ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಲೇಬೇಡಿ.

ಬಿಟ್‌ಲಾಕರ್ ಹಾಕಿದೆ, ಎಲ್ಲ ಆಯ್ತು ಅಂತಲ್ಲ. ಲ್ಯಾಪ್‌ಟಾಪ್ ತೆರೆದಿಟ್ಟು ಟೀ ಕುಡಿಯಲು ಹೋದರೆ ಅದು ಏನೂ ಮಾಡದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್‌ಸಮ್‌ವೇರ್ ಬಂದರೂ ಅಷ್ಟೇ. 2017ರ ಮೇನಲ್ಲಿ ಅಂಥದ್ದೇ ಒಂದು, ವಾನಾಕ್ರೈ, ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಇನ್ನೂ ಅದರಲ್ಲೇ ಲೆಕ್ಕ ಬರೆಯುವವರು ದಯವಿಟ್ಟು ಇದನ್ನು ಯೋಚಿಸಿ.

ಅದಕ್ಕೇ ಹೊರಗಿನಿಂದ ಚುಚ್ಚುವ ಎರಡು ಡಿಸ್ಕ್. ಎರಡೂ 1 ಟಿಬಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಶನಿವಾರ ಬ್ಯಾಕಪ್ ತೆಗೆದು ಅದಲು ಬದಲು ಮಾಡುತ್ತೇನೆ. ಕಾಪಿ ಆದ ತಕ್ಷಣ ಕಿತ್ತಿಡಬೇಕು, ಚುಚ್ಚಿಯೇ ಬಿಟ್ಟರೆ ವೈರಸ್ ಅದಕ್ಕೂ ಹತ್ತುತ್ತದೆ. ಡಿಸ್ಕ್‌ಗೂ ಬಿಟ್‌ಲಾಕರ್ ಹಾಕಿದ್ದೇನೆ, ಇಲ್ಲದಿದ್ದರೆ ಕಳ್ಳನಿಗೆ ಇನ್ನೊಂದು ಬಾಗಿಲು ತೆರೆದ ಹಾಗೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಡಿಸ್ಕ್ ಬಿಡುತ್ತದಾ? ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ.

ಒಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಮೊದಲ ಎರಡು ತಿಂಗಳು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡುತ್ತಿದ್ದೆ. ಟ್ಯಾಲಿಯ ಡೇಟಾ ಬೇರೆ ಫೋಲ್ಡರ್‌ನಲ್ಲಿತ್ತು. ಸುಮ್ನೆ ಪರೀಕ್ಷೆಗೆ ಅಂತ ಹಳೆ ಲ್ಯಾಪ್‌ಟಾಪ್‌ನಲ್ಲಿ ವಾಪಸ್ ತೆರೆಯಲು ನೋಡಿದಾಗ ಒಂದು ಬಿಲ್ಲೂ ಇಲ್ಲ. ಈಗ ತಿಂಗಳಿಗೊಮ್ಮೆ ತೆರೆದು, ಯಾರಾದರೂ ಒಬ್ಬ ಬೆಳೆಗಾರರ ಲೆಕ್ಕ ಕೊನೆಯ ಮೂಟೆವರೆಗೂ ಇದೆಯಾ ಅಂತ ನೋಡುತ್ತೇನೆ.

ಲ್ಯಾಪ್‌ಟಾಪನ್ನು ಮೇಜಿನ ಕಾಲಿಗೆ ಕಟ್ಟುವ ಕೇಬಲ್ ಲಾಕ್ ಕೂಡ ತಂದಿದ್ದೇನೆ. ಹಗಲು ಹೊತ್ತಿಗೆ ಸಾಕು. ಕಟ್ಟರ್ ತಂದವನ ಮುಂದೆ ನಿಲ್ಲುವಂಥದ್ದಲ್ಲ. ಅದಕ್ಕಿಂತ, ಯಂತ್ರದ ಅಡಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ. ಠಾಣೆಯಲ್ಲಿ ದೂರು ಕೊಡುವಾಗ ನನ್ನ ಹತ್ತಿರ ಅದು ಇರಲಿಲ್ಲ. ಆನ್‌ಲೈನ್ ಮೋಸದಲ್ಲಿ ದುಡ್ಡೇ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಫೋನ್ ಮಾಡಿ.

ಬಿಟ್‌ಲಾಕರ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೀ ಕಾಗದದ ಮಹತ್ವ ಹೊಸಬರಿಗೆ ಎದ್ದು ಕಾಣುವ ಹಾಗೆ ಹೇಳುವುದಿಲ್ಲ, ಅದಕ್ಕೇ ಅರ್ಧ ಕಡಿಮೆ.

ಬೇಡದ ಆಧಾರ್ ಪ್ರತಿಗಳನ್ನೆಲ್ಲ ಈಗ ಅಳಿಸಿದ್ದೇನೆ. ಆ ಹಿರಿಯರು ಮೊನ್ನೆ ಬಂದಾಗ ಅವರ ಫೋನ್‌ನಲ್ಲಿ ಆಧಾರ್‌ನ ಆ್ಯಪ್ ಆದ ಎಂಆಧಾರ್ ಹಾಕಿ, ಬೆರಳಚ್ಚು ಇಟ್ಟು ದುಡ್ಡು ತೆಗೆಯಲು ಆಗದ ಹಾಗೆ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟೆ. "ಇದನ್ನ ನಮ್ಮ ಮನೆಯವಳ ಫೋನಿಗೂ ಮಾಡಿಕೊಡು" ಅಂದರು. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.