600 ಪಲ್ಸ್ ಎನ್‌ಕೋಡರ್, ಮೂರು ವರ್ಷ ಬಳಸಿದ್ಮೇಲೆ

ನಮ್ದು ಚಿಕ್ಕಮಗಳೂರಲ್ಲಿ ಸಣ್ಣ ಕಾಫಿಪುಡಿ ಯೂನಿಟ್, ಪೌಚ್ ಪ್ಯಾಕಿಂಗ್ ಮಷಿನ್ ಇರೋದು ಒಂದೇ. ಅದರ ಫಿಲ್ಮ್ ಎಳೆಯೋ ರೋಲರ್‌ಗೆ ಹಾಕಿರೋ ಎನ್‌ಕೋಡರ್ ಬಗ್ಗೆ ಬರೀತಿದೀನಿ. ಶಾಫ್ಟ್ ತಿರುಗಿದಷ್ಟಕ್ಕೆ ಪಲ್ಸ್ ಕೊಡೋ ಡಬ್ಬಿ ಅದು, ಪಲ್ಸ್ ಎಣಿಸಿದ್ರೆ ಫಿಲ್ಮ್ ಎಷ್ಟು ಎಳೆದಿದೆ ಗೊತ್ತಾಗತ್ತೆ. ಕಂಪನಿ ಹೆಸರೇ ಇಲ್ದಿರೋ ಮಾಲು, ಬೆಂಗಳೂರಿನ ಎಸ್‌ಪಿ ರೋಡಿಂದ ತಂದಿದ್ದು, ಸುತ್ತಿಗೆ 600 ಪಲ್ಸ್, 5ರಿಂದ 24 ವೋಲ್ಟ್, ಎನ್‌ಪಿಎನ್ ಓಪನ್ ಕಲೆಕ್ಟರ್. ಈ ಕೊನೇ ಮೂರು ಪದ ಇದೆಯಲ್ಲ, ತಗೊಳ್ಳೋವಾಗ ಅದನ್ನ ಓದೇ ಇರ್ಲಿಲ್ಲ ನಾನು, ಪಲ್ಸ್ ಎಷ್ಟು ಶಾಫ್ಟ್ ಎಷ್ಟು ಎಂಎಂ ಅಂತ ಮಾತ್ರ ನೋಡಿದ್ದು, ಆಮೇಲೆ ಪಟ್ಟ ಪಾಡೆಲ್ಲ ಆ ಮೂರು ಪದದ್ದೇ.

ಮೊದಲ ಪೀಸ್ ಒಂದು ಗಂಟೆನೂ ಬಾಳಲಿಲ್ಲ. ವೈರು ನಾಲ್ಕು, ಕೆಂಪು ಸಪ್ಲೈ, ಕಪ್ಪು ಗ್ರೌಂಡ್, ಹಸಿರು ಎ, ಬಿಳಿ ಬಿ (ಎ, ಬಿ ಅಂದ್ರೆ ಒಂದರ ಹಿಂದೊಂದು ಬರೋ ಎರಡು ಪಲ್ಸ್ ಸಾಲು, ತಿರುಗೋ ದಿಕ್ಕು ಅದರಿಂದ ಗೊತ್ತಾಗತ್ತೆ). ಶಾಫ್ಟ್ ತಿರುಗಿಸಿದ್ರೂ ಕೌಂಟ್ ಬರ್ತಿಲ್ಲ, ಹಸಿರು ವೈರಿಗೆ ಮೀಟರ್ ಇಟ್ರೆ ಅಲ್ಲೂ ಏನಿಲ್ಲ. ಓಪನ್ ಕಲೆಕ್ಟರ್ ತಾನಾಗಿ ವೋಲ್ಟೇಜ್ ಕೊಡೋದಿಲ್ಲ, ಲೈನನ್ನ ಗ್ರೌಂಡಿಗೆ ಎಳೆಯತ್ತೆ ಇಲ್ಲ ಕೈ ಬಿಡತ್ತೆ ಅಷ್ಟೇ, ಮೇಲಕ್ಕೆತ್ತೋ ರೆಸಿಸ್ಟರ್ ಹೊರಗಡೆ ಇರ್ಬೇಕು. ಆಗ ಇದೆಲ್ಲ ಯಾರಿಗ್ ಗೊತ್ತು. ನಮ್ಮ ಎಲೆಕ್ಟ್ರಿಷಿಯನ್ ‘ಒಂದ್ನಿಮಿಷ ಸಾರ್’ ಅಂದು ಹಸಿರು ವೈರನ್ನ ನೇರ 24 ವೋಲ್ಟಿಗೆ ತಾಗಿಸಿ ಶಾಫ್ಟ್ ತಿರುಗಿಸ್ದ. ಹೊಗೆ ಇಲ್ಲ, ಸದ್ದಿಲ್ಲ, ಒಳಗಿನ ಟ್ರಾನ್ಸಿಸ್ಟರ್ ಮಾತ್ರ ಹೋಯ್ತು.

ಎರಡನೇದು ತಂದಾಗ ಪಿಎಲ್‌ಸಿ, ಅಂದ್ರೆ ಪಲ್ಸ್ ಎಣಿಸಿ ಮಷಿನ್ ನಡೆಸೋ ಕಂಟ್ರೋಲರ್, ಅದರ ಕಡೆ ನೋಡಿದ್ವಿ. ಇನ್‌ಪುಟ್ ಕಾಮನ್ (ಒಂದು ಗ್ರೂಪ್ ಇನ್‌ಪುಟ್ಟಿಗೆಲ್ಲ ಸೇರಿದ ಒಂದೇ ಟರ್ಮಿನಲ್) 0 ವೋಲ್ಟಿಗೆ ಕಟ್ಟಿತ್ತು, ಅದು ಪಿಎನ್‌ಪಿಗೆ, ಅಂದ್ರೆ ಲೈನನ್ನ ಪ್ಲಸ್ ಕಡೆ ಎಳೆಯೋ ಔಟ್‌ಪುಟ್ಟಿಗೆ ಸರಿ. ಕಾಮನ್ನ ಪ್ಲಸ್ 24ಕ್ಕೆ ಹಾಕಿದ ತಕ್ಷಣ ಕೌಂಟ್ ಓಡ್ತು, ಇನ್‌ಪುಟ್ ಒಳಗಿನ ರೆಸಿಸ್ಟರೇ ಸಾಕಾಯ್ತು. ಆದ್ರೆ ಪೌಚ್ ಮೇಲಿನ ಕಪ್ಪು ಗುರುತು ನೋಡೋ ಸೆನ್ಸರ್ ಸತ್ತೋಯ್ತು! ಅದು ಪಿಎನ್‌ಪಿ, ಅದೇ ಕಾಮನ್ ಮೇಲಿತ್ತು. ಅದನ್ನ ಬೇರೆ ಗ್ರೂಪಿಗೆ ಸಾಗಹಾಕೋಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಇನ್ನೊಂದು, ಹೈಸ್ಪೀಡ್ ಇನ್‌ಪುಟ್ಟಿಗೇ ಹಾಕಿ, ಮಾಮೂಲಿ ಇನ್‌ಪುಟ್ಟಲ್ಲಿ ಫಿಲ್ಟರ್ ಇರತ್ತೆ, ಪಲ್ಸ್ ನುಂಗಿಬಿಡತ್ತೆ.

ನಮ್ಮ ರೋಲರ್ ಸುತ್ತಳತೆ 200 ಎಂಎಂ, ಪಲ್ಸಿಗೆ 0.33 ಎಂಎಂ ಬರತ್ತೆ, ಎ ಬಿ ಎರಡರ ನಾಲ್ಕೂ ಅಂಚು ಎಣಿಸಿದ್ರೆ ಸುತ್ತಿಗೆ 2400, ಅಂದ್ರೆ 0.08 ಎಂಎಂ. ಪೌಚಿಗೆ ಧಾರಾಳ. ಹಂಗಿದ್ರೂ 150 ಎಂಎಂ ಪೌಚ್ ಒಂದ್ಸಲ 147, ಒಂದ್ಸಲ 154 ಬರೋದು, ಅದೂ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಓಡುವಾಗ ಮಾತ್ರ. ನೋಡಿದ್ರೆ ಎನ್‌ಕೋಡರ್ ವೈರು ಮೋಟರ್ ಕೇಬಲ್ ಜೊತೆ ಒಂದೇ ಟ್ರೇಲಿ ಮಲಗಿದೆ. ಟ್ರಾನ್ಸಿಸ್ಟರ್ ಬಿಟ್ಟಾಗ ಲೈನನ್ನ ಹಿಡಿದಿರೋದು ಬರೀ ಒಂದು ರೆಸಿಸ್ಟರ್, ನಾಯ್ಸಿಗೆ ಅಷ್ಟು ಜಾಗ ಸಾಕು. ಬೇರೆ ಟ್ರೇ, ಶೀಲ್ಡ್ ಕೇಬಲ್, ಶೀಲ್ಡನ್ನ ಪ್ಯಾನಲ್ ಕಡೆ ಅರ್ತ್ ಮಾಡಿದ್ವಿ, ಅವತ್ತಿಂದ ಅಳತೆ ತಪ್ಪಿಲ್ಲ.

ಆಮೇಲೆ ರೋಸ್ಟರ್ ಬ್ಲೋವರ್ ಮೋಟರಿಗೆ ಒಂದು ಬೇಕಾಯ್ತು. 1500 ಆರ್‌ಪಿಎಂ, 600 ಪಲ್ಸ್ ಅಂದ್ರೆ ಸೆಕೆಂಡಿಗೆ 15,000, ಕೇಬಲ್ ಬೇರೆ 25 ಮೀಟರ್. ಈ ಸಲ ಬುದ್ಧಿ ಬಂದಿತ್ತು, ಆರ್‌ಎಸ್-422 ಲೈನ್ ಡ್ರೈವರ್ (ಒಂದೊಂದು ಸಿಗ್ನಲನ್ನೂ ಎರಡು ವೈರಲ್ಲಿ ಕಳಿಸೋ ಔಟ್‌ಪುಟ್) ಇರೋದು ತಂದೆ, ಎ ಜೊತೆ ಉಲ್ಟಾ ಎ, ಬಿ ಜೊತೆ ಉಲ್ಟಾ ಬಿ, ಒಂದೊಂದು ಜೋಡಿನೂ ಹೆಣೆದ ವೈರಲ್ಲಿ, ಕೊನೇಲಿ 120 ಓಮ್ ರೆಸಿಸ್ಟರ್. ಎರಡೂ ವೈರಿಗೆ ಒಂದೇ ನಾಯ್ಸ್ ಬಿದ್ರೆ ರಿಸೀವರ್ ವ್ಯತ್ಯಾಸ ಮಾತ್ರ ನೋಡತ್ತೆ, ಹೊಡೆತ ಗೊತ್ತೇ ಆಗಲ್ಲ. ಬುದ್ಧಿ ಪೂರ್ತಿ ಬಂದಿರ್ಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಅದರ ಸಿಗ್ನಲ್ 5 ವೋಲ್ಟಿಂದು, 24ರ ಇನ್‌ಪುಟ್ಟಿಗೆ ಕಾಣೋದೇ ಇಲ್ಲ, ಮಧ್ಯ ಕನ್ವರ್ಟರ್ ಹಾಕ್ಬೇಕಾಯ್ತು. ತೆಳು ವೈರಲ್ಲಿ ಕಳಿಸಿದ 5 ವೋಲ್ಟ್ ಆ ಕಡೆ ಮುಟ್ಟೋವಾಗ 4.4 ಆಗಿತ್ತು, ಅದಕ್ಕೆ 4.75ಕ್ಕಿಂತ ಕಮ್ಮಿ ಆಗ್ಬಾರ್ದು. ಸಪ್ಲೈಗೆ ದಪ್ಪ ವೈರ್ ಎಳೆದ್ವಿ.

ಮಳೆಗಾಲದ ದೂರು ಒಂದಿದೆ. ಕನೆಕ್ಟರ್ ಪಿನ್ ಹಸಿರು ಕಟ್ಟಿ, ಮೇಲೆ ಚಿಕೋರಿ ಪುಡಿ ಅಂಟಿ ಬಿ ಚಾನಲ್ ಆಗಾಗ ಮಾಯ ಆಗೋದು, ಕೌಂಟು ನಿಂತಲ್ಲೇ ಮೇಲೆ ಕೆಳಗೆ ಆಡೋದು. ಕನೆಕ್ಟರ್ ಕಿತ್ತು ನೇರ ಟರ್ಮಿನಲ್ಲಿಗೆ ತಂದೆ.

ಮೂರು ವರ್ಷಕ್ಕೆ ಬೇರಿಂಗ್ ಕೈಲಿ ತಿರುಗಿಸಿದ್ರೆ ಸ್ವಲ್ಪ ಗರಗರ ಅನ್ನತ್ತೆ. ಆ ದುಡ್ಡಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಿತ್ಕೊಂಡಿದ್ದು ಡಬ್ಬದಲ್ಲಿ ಸರ್ಕ್ಯೂಟ್ ಚಿತ್ರ ಇಡದಿದ್ದಕ್ಕೆ. ಇನ್ನೊಂದು ಪೀಸ್ ತಂದು ಬೀರುಲಿ ಇಟ್ಟಿದೀನಿ, ನಾಲ್ಕೂ ವೈರಿಗೆ ಹೆಸರು ಬರೆದು, ಹಸಿರು ಬಿಳಿ ಎರಡರ ತುದಿಗೂ ಟೇಪ್ ಸುತ್ತಿ.