ಪಿಎಂಎಫ್‌ಎಂಇ ಸಾಲದಲ್ಲಿ ಹಾಕಿದ ಗಿರಣಿ: ಬರ ಕಂಡ ಮೇಲಿನ ವಿಮರ್ಶೆ

ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಜೊತೆಗೆ ಖಾರ ಕುಟ್ಟುವ ಯಂತ್ರ, ಶ್ಯಾವಿಗೆ ಯಂತ್ರ ಇವೆ. 2022ರಲ್ಲಿ ಇವನ್ನೆಲ್ಲ ಪಿಎಂಎಫ್‌ಎಂಇ ಸಾಲದಲ್ಲಿ ಹಾಕಿದೆವು. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆ ಇದು. ಮರುವರ್ಷವೇ ಬರ ಬಿತ್ತು.

ಈ ಯೋಜನೆಯ ಬಗ್ಗೆ ಸಿಗುವ ಮಾಹಿತಿಯೆಲ್ಲ ಸಬ್ಸಿಡಿ ಎಷ್ಟು, ಅರ್ಜಿ ಎಲ್ಲಿ ಹಾಕಬೇಕು ಅನ್ನೋದರಲ್ಲೇ ಮುಗಿಯುತ್ತದೆ. ಸಾಲ ಸಿಕ್ಕಮೇಲೆ ಮಳೆ ಕೈಕೊಟ್ಟರೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನನ್ನ ಅಂಕ ಹೀಗಿದೆ: ವ್ಯಾಪಾರ ಶುರು ಮಾಡಲು ಐದಕ್ಕೆ ನಾಲ್ಕೂವರೆ, ಬರದಲ್ಲಿ ಅದನ್ನು ಉಳಿಸಿಕೊಳ್ಳಲು ಐದಕ್ಕೆ ಎರಡು.

ಮೊದಲು ಒಳ್ಳೆಯದು. ಕೇಂದ್ರದ ನಿಯಮದಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ, ಗರಿಷ್ಠ 10 ಲಕ್ಷ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ ಶೇ. 15 ಸೇರಿಸುತ್ತದೆ. ಒಟ್ಟು ಅರ್ಧಕ್ಕರ್ಧ, ಗರಿಷ್ಠ 15 ಲಕ್ಷ. ನಮ್ಮ ಕೈಯಿಂದ ಹಾಕಬೇಕಾದದ್ದು ಶೇ. 10 ಮಾತ್ರ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಅದರ ಪರವಾಗಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ. ನಮಗೆ ಸಿಕ್ಕವರು ನಿಜಕ್ಕೂ ಪುಣ್ಯಾತ್ಮರು. ಯೋಜನಾ ವರದಿ, ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ನೋಂದಣಿ ಎಲ್ಲವನ್ನೂ ಕೂತು ಮಾಡಿಸಿದರು. ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮಧ್ಯವರ್ತಿಗಳಿಗೆ ಕಮಿಷನ್ ಕೊಡುವ ಅಗತ್ಯವೇ ಇಲ್ಲ, ಇದನ್ನು ನೆನಪಿಡಿ.

ಈಗ ಸಬ್ಸಿಡಿಯ ಒಳಗಿನ ಲೆಕ್ಕ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಬರದಲ್ಲಿ ತೊಂದರೆ ಕೊಡುವುದು ಇದೇ. ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಬ್ಯಾಂಕ್ ಕೊಡುವ ಸಾಲದ ಕೊನೆಯ ಭಾಗ ನಮಗೆ ಬಂದು ಮೂರು ವರ್ಷ ಕಳೆದಾಗ ಖಾತೆ ಸರಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಆ ಹಣ ಸಾಲಕ್ಕೆ ಜಮಾ ಆಗುತ್ತದೆ. ಉದಾಹರಣೆಗೆ 6 ಲಕ್ಷದ ಘಟಕ ಅಂದುಕೊಳ್ಳಿ. 60 ಸಾವಿರ ನಿಮ್ಮದು, 5.40 ಲಕ್ಷ ಸಾಲ, ಅದರಲ್ಲಿ 3 ಲಕ್ಷ ಸಬ್ಸಿಡಿ. ಮೂರು ವರ್ಷದೊಳಗೆ ಖಾತೆ ಎನ್‌ಪಿಎ (ಸುಸ್ತಿ ಸಾಲ) ಆದರೆ ಆ 3 ಲಕ್ಷಕ್ಕೇ ಸಂಚಕಾರ. ಎನ್‌ಪಿಎ ಆಗಲು ಎಷ್ಟು ಹೊತ್ತು? ಕಂತು 90 ದಿನ ಬಾಕಿ ಉಳಿದರೆ ಆಯಿತು. ಬರ ಮೂರು ತಿಂಗಳಿಗೆ ಮುಗಿಯುವುದಿಲ್ಲ, ಅಲ್ವಾ?

2023ರ ಜೂನ್‌ನಲ್ಲಿ ಮಳೆ ಸರಿಯಾಗಿ ಬರಲಿಲ್ಲ. ಆಗಸ್ಟ್ ಒಣಗಿ ಹೋಯಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಅದು 223ಕ್ಕೆ ಏರಿತು, ರಾಜ್ಯದಲ್ಲಿ ಇರುವುದೇ ಸುಮಾರು 240. ಗಿರಣಿಗೆ ಬರ ತಟ್ಟುವುದು ಹೊಲಕ್ಕಿಂತ ಸ್ವಲ್ಪ ತಡವಾಗಿ. ಮನೆಯಲ್ಲಿ ಹಿಂದಿನ ವರ್ಷದ ಜೋಳ ಇರುವ ತನಕ ಜನ ಬೀಸಿಸಿಕೊಂಡು ಹೋಗುತ್ತಾರೆ. ಅದು ಮುಗಿದ ಮೇಲೆ ಅಂಗಡಿಯಲ್ಲಿ ಕೊಳ್ಳಬೇಕು. ಆ ವರ್ಷ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,225 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಮೇಲಿತ್ತು. ಕೂಲಿ ಮಾಡುವ ಮನೆಗಳು ರೊಟ್ಟಿ ಕಡಿಮೆ ಮಾಡಿ ರೇಷನ್ ಅಕ್ಕಿಯಲ್ಲಿ ಅನ್ನ ಮಾಡಿಕೊಂಡವು. ಅನ್ನಕ್ಕೆ ಗಿರಣಿ ಬೇಕಿಲ್ಲ. ಬೇಸಿಗೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಸಾಲುಗಟ್ಟಿ ನಿಲ್ಲುತ್ತಿದ್ದವರು ಆ ವರ್ಷ ಅಂಗಡಿಯಲ್ಲಿ ಸಣ್ಣ ಪ್ಯಾಕೆಟ್ ಖಾರ ಕೊಂಡರು. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ಗೋವಾಕ್ಕೆ ದುಡಿಯಲು ಹೋದ.

ಬರ ಪರಿಹಾರದಲ್ಲಿ ನಮ್ಮಂಥವರಿಗೆ ಏನಿತ್ತು? ನೇರವಾಗಿ ಏನೂ ಇರಲಿಲ್ಲ. ಪರಿಹಾರ ಹೋಗುವುದು ಪಹಣಿ ನೋಡಿ, ರೈತರ ಸರ್ಕಾರಿ ದತ್ತಾಂಶವಾದ ಫ್ರೂಟ್ಸ್ ನೋಂದಣಿ ನೋಡಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಲೆಕ್ಕ ಹಾಕಿದರೆ 3,400 ರೂಪಾಯಿ ಚಿಲ್ಲರೆ. ರೈತರಿಗೆ ಅದು ಸಾಲದು ಅನ್ನೋದು ಗೊತ್ತು, ಅವರ ಪಾಲು ಕಿತ್ತುಕೊಡಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಆದರೆ ಹೊಲವಿಲ್ಲದ ಗಿರಣಿಯವರು, ಬಡಿಗೇರರು, ಕಮ್ಮಾರರು, ಚಹಾದಂಗಡಿಯವರು ಕೂಡ ಅದೇ ಮಳೆ ನಂಬಿ ಬದುಕುವವರು. ನಮ್ಮ ನಷ್ಟ ಯಾವ ಸರ್ವೆಯಲ್ಲೂ ಬರುವುದಿಲ್ಲ.

ಹಾಗಂತ ಸರ್ಕಾರದ ದುಡ್ಡು ನಮಗೆ ತಲುಪಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸುತ್ತಿ ಬಳಸಿ ತಲುಪಿತು. 2024ರ ಜನವರಿಯಿಂದ ರಾಜ್ಯ ಸರ್ಕಾರ ರೈತರಿಗೆ ಮೊದಲ ಕಂತಾಗಿ 2,000 ರೂಪಾಯಿವರೆಗೆ ಹಾಕಿತು. ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆ ಆಯಿತು. ಮೇ ತಿಂಗಳಲ್ಲಿ ರೈತರ ಖಾತೆಗೆ ಉಳಿದ ದುಡ್ಡು ಬಂದಾಗ ನಮ್ಮ ಉದ್ರಿ ಪುಸ್ತಕದ ಬಾಕಿಗಳು ಒಂದೊಂದಾಗಿ ತೀರಿದವು. ಅದಕ್ಕೂ ಮೊದಲು ಆಸರೆಯಾಗಿದ್ದು ಗೃಹಲಕ್ಷ್ಮಿಯ 2,000 ರೂಪಾಯಿ. ಅದು ಬಂದ ವಾರ ಗಿರಣಿಯಲ್ಲಿ ಡಬ್ಬಿಗಳು ಜಾಸ್ತಿ ಇರುತ್ತಿದ್ದವು. ಹೆಣ್ಣುಮಕ್ಕಳ ಕೈಗೆ ಬಂದ ದುಡ್ಡು ಊರಲ್ಲೇ ಖರ್ಚಾಗುತ್ತದೆ ಅನ್ನೋದನ್ನು ನಾನು ಗಲ್ಲೆಯ ಮುಂದೆ ಕೂತು ನೋಡಿದ್ದೇನೆ.

ಇನ್ನು ಸಾಲದ ಕಂತು. ಇಲ್ಲೇ ಈ ಸೇವೆ ಸೋತಿದ್ದು. ನೈಸರ್ಗಿಕ ವಿಕೋಪ ಆದಾಗ ಬ್ಯಾಂಕುಗಳು ಏನು ಮಾಡಬೇಕು ಎಂದು ಆಗ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಇತ್ತು. ಬೆಳೆಸಾಲದ ಮಾತಷ್ಟೇ ಅಲ್ಲ ಅದರಲ್ಲಿದ್ದದ್ದು. ಗ್ರಾಮೀಣ ಕುಶಲಕರ್ಮಿಗಳು, ವ್ಯಾಪಾರಿಗಳು, ಕಿರು ಮತ್ತು ಸಣ್ಣ ಉದ್ಯಮಗಳ ಸಾಲದ ಕಂತನ್ನೂ ಮುಂದಕ್ಕೆ ಹಾಕುವ ಬಗ್ಗೆ ರಾಜ್ಯ ಅಥವಾ ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಮಿತಿ ತೀರ್ಮಾನ ಮಾಡಬಹುದಿತ್ತು. ಆಮೇಲೆ ಒಬ್ಬೊಬ್ಬರ ಖಾತೆ ನೋಡಿ ಬ್ಯಾಂಕ್ ನಿರ್ಧರಿಸುತ್ತಿತ್ತು. ಇದನ್ನು ನಮಗೆ ಹೇಳಿದ್ದು ಬ್ಯಾಂಕ್ ಅಲ್ಲ, ಅದೇ ಸಂಪನ್ಮೂಲ ವ್ಯಕ್ತಿ.

ನಾನು ಶಾಖೆಗೆ ಹೋಗಿ ಕೇಳಿದೆ. "ಅಕ್ಕಾರ, ಬರದ ರಿಯಾಯಿತಿ ಬೆಳೆಸಾಲಕ್ಕಷ್ಟೇ ರೀ. ನಿಮ್ದು ಉದ್ಯಮದ ಸಾಲ" ಅಂದರು.

"ಸರ್, ಬೆಳಿ ಬಂದ್ರೇನ ನಮ್ಮ ಗಿರಣಿ ತಿರಗೋದು. ಮ್ಯಾಲಿನ ಆಫೀಸಿಗೆ ಒಂದು ಪತ್ರ ಬರೀರಿ" ಅಂತ ಪಟ್ಟು ಹಿಡಿದೆ.

ಬಹಳ ಓಡಾಡಿದ ಮೇಲೆ ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಅಸಲಿನ ಕಂತನ್ನು ಮುಂದೂಡಲು ಒಪ್ಪಿದರು. ಖಾತೆ ಉಳಿಯಿತು, ಅದರಿಂದಲೇ ಸಬ್ಸಿಡಿಯೂ ಉಳಿಯಿತು. ಒಪ್ಪಿಗೆ ಬರುವ ತನಕ ನಾನು ಪಟ್ಟ ಆತಂಕವನ್ನು ಇನ್ನೊಬ್ಬರು ಪಡಬಾರದು. ನಮ್ಮ ಪಕ್ಕದ ಊರಿನ ಎಣ್ಣೆ ಗಾಣದವರಿಗೆ ಇಂಥದ್ದೊಂದು ದಾರಿ ಇದೆ ಅಂತಲೇ ಗೊತ್ತಿರಲಿಲ್ಲ. ಅವರು ಬಂಗಾರ ಅಡ ಇಟ್ಟು ಕಂತು ಕಟ್ಟಿದರು. ಒಂದೇ ಯೋಜನೆ, ಒಂದೇ ಬರ. ಕೇಳಿದವರಿಗೆ ಸಿಕ್ಕಿತು, ಕೇಳದವರಿಗೆ ಇಲ್ಲ. ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದ ವಾರದಲ್ಲೇ ಸಾಲಗಾರರ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಲು ಎಷ್ಟು ಖರ್ಚಾಗುತ್ತದೆ? ಕಂತು ಒಂದು ದಿನ ತಡವಾದರೆ ಸಂದೇಶ ಕಳಿಸುವವರು ಇದನ್ನೂ ಕಳಿಸಬಹುದು.

2024ರಲ್ಲಿ ಮಳೆ ಚೆನ್ನಾಗಾಯಿತು. ಹಿಂಗಾರಿ ಜೋಳ ಬಂತು, ಗಿರಣಿ ಮತ್ತೆ ತಿರುಗಿತು. ಯಂತ್ರಗಳಲ್ಲಿ ದೊಡ್ಡ ದೋಷ ಬಂದಿಲ್ಲ. ಈಗ ಮೂರು ವರ್ಷ ಮುಗಿದು ಸಬ್ಸಿಡಿ ಸಾಲಕ್ಕೆ ಜಮಾ ಆಗಿದೆ. ಉಳಿದ ಕಂತು ಭಾರ ಅನ್ನಿಸುವುದಿಲ್ಲ. ಹಾಗಾಗಿ ಆಹಾರದ ಕಸುಬು ಮಾಡುವವರಿಗೆ ಈ ಯೋಜನೆ ತಗೊಳ್ಳಿ ಅಂತ ನಾನು ಈಗಲೂ ಹೇಳುತ್ತೇನೆ.

ತಗೊಳ್ಳುವವರು ಒಂದೆರಡು ಎಚ್ಚರ ಇಟ್ಟುಕೊಳ್ಳಿ. ಸಿಗುತ್ತದೆ ಅಂತ ದೊಡ್ಡ ಮೊತ್ತಕ್ಕೆ ಹೋಗಬೇಡಿ. ಸುಗ್ಗಿ ಚೆನ್ನಾಗಿರುವ ತಿಂಗಳ ಆದಾಯ ನೋಡಿ ಕಂತು ನಿಗದಿ ಮಾಡಿಸಬೇಡಿ, ಶ್ರಾವಣದ ಆದಾಯ ನೋಡಿ ಮಾಡಿಸಿ. ಸಾಧ್ಯವಾದರೆ ಮೂರ್ನಾಲ್ಕು ಕಂತಿನ ದುಡ್ಡನ್ನು ಬೇರೆ ಎತ್ತಿಡಿ. ಬರ ಘೋಷಣೆಯಾದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಅರ್ಜಿಯಲ್ಲಿ ತಾಲ್ಲೂಕಿನ ಹೆಸರು, ಘೋಷಣೆಯ ದಿನಾಂಕ, ಆ ಹೊತ್ತಿಗೆ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿರ್ದೇಶನ ಮೂರೂ ಇರಲಿ. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಕರೆಂಟ್ ಬಿಲ್ಲಿನ ವಿಷಯ ಉಳಿಯಿತು. ಬರದಲ್ಲಿ ತ್ರೀ ಫೇಸ್ ಕರೆಂಟ್ ಕೊಡುವ ಹೊತ್ತು ಕಡಿಮೆಯಾಯಿತು. ಗೃಹಜ್ಯೋತಿ ಮನೆಗಳಿಗೆ ಮಾತ್ರ, ಗಿರಣಿ ಮೀಟರ್‌ಗೆ ಇಲ್ಲ. ಆದರೆ ಯಂತ್ರ ತಿರುಗಲಿ ಬಿಡಲಿ, ಮೋಟಾರಿನ ಎಚ್‌ಪಿ ಲೆಕ್ಕದಲ್ಲಿ ನಿಗದಿತ ಶುಲ್ಕ ಪ್ರತಿ ತಿಂಗಳೂ ಬಂತು. ಬರಪೀಡಿತ ತಾಲ್ಲೂಕುಗಳ ಸಣ್ಣ ಘಟಕಗಳಿಗೆ ಆ ಶುಲ್ಕವನ್ನು ಬರದ ತಿಂಗಳುಗಳಲ್ಲಿ ಬಿಟ್ಟುಕೊಟ್ಟರೆ, ಹೊಸ ಯೋಜನೆ ತರದೆಯೇ ನಮ್ಮಂಥವರಿಗೆ ದೊಡ್ಡ ಉಪಕಾರ ಆಗುತ್ತದೆ. ನಮ್ಮ ಊರಿನ ಗಿರಣಿಯವರು, ವೆಲ್ಡಿಂಗ್ ಅಂಗಡಿಯವರು ಸೇರಿ ಶಾಸಕರಿಗೆ ಈ ಮನವಿ ಕೊಟ್ಟಿದ್ದೇವೆ. ನಿಮ್ಮ ತಾಲ್ಲೂಕಿನಲ್ಲೂ ಕೊಡಿ.